ರವೆಲ್ಲೊಗೆ ಹೋಗುವವರು ಗಮನಿಸಿ

ಮಾನ್ಯರೇ,

ನಿಮ್ಮಲ್ಲಿ ಪ್ರಕಟವಾದ ಇಟಲಿಯ ಅಮಾಲ್ಫಿ ಕರಾವಳಿಯ ಲೇಖನದಲ್ಲಿ ಅಲ್ಲಿನ ಬೆಟ್ಟದೂರು ರವೆಲ್ಲೊ ತಲುಪುವ ವಿವರವೂ ಇರಬೇಕಿತ್ತು. ಸುಮಾರು 350 ಮೀಟರ್ ಎತ್ತರದ ಈ ಊರಿಗೆ ರೈಲಿಲ್ಲ. ನೇಪಲ್ಸ್‌ನಿಂದ ಸಲೆರ್ನೊವರೆಗೆ ರೈಲು, ಅಲ್ಲಿಂದ ಅಮಾಲ್ಫಿಗೆ ದೋಣಿ, ಆಮೇಲೆ ಬಸ್ಸು. ಸಮುದ್ರ ಕೆರಳಿದರೆ ಬೇಸಿಗೆಯಲ್ಲೂ ದೋಣಿ ನಿಲ್ಲುತ್ತದೆ, ಆಗ ಸಲೆರ್ನೊದಿಂದಲೇ ಬಸ್ಸು ಹಿಡಿಯಬೇಕು.

ಬಸ್ ಟಿಕೆಟನ್ನು ತಂಬಾಕಿನ ಅಂಗಡಿಯಲ್ಲಿ ಮೊದಲೇ ಕೊಂಡು, ಹತ್ತಿದೊಡನೆ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಿ. ಮುದ್ರೆಯಿಲ್ಲದ ಟಿಕೆಟ್ ಕೈಯಲ್ಲಿದ್ದರೂ ದಂಡ ತಪ್ಪದು. ಬಸ್ಸು ತುಂಬಿದರೆ ಹತ್ತಿಸಿಕೊಳ್ಳುವುದಿಲ್ಲ, ಬೆಳಿಗ್ಗೆ ಬೇಗ ಹೊರಡುವುದೇ ಕ್ಷೇಮ.

1880ರಲ್ಲಿ ಸಂಗೀತಗಾರ ವಾಗ್ನರ್ ಮನಸೋತ ವಿಲ್ಲಾ ರುಫೊಲೊ ಉದ್ಯಾನ ಚೌಕದ ಪಕ್ಕದಲ್ಲೇ ಇದೆ. ಅಮೃತಶಿಲೆಯ ಶಿಲ್ಪಗಳು ಸಾಲಾಗಿ ನಿಂತ, ಕೆಳಗೆ ಬರೀ ಕಡಲೇ ಕಾಣುವ ವಿಲ್ಲಾ ಚಿಂಬ್ರೋನೆಯ ಜಗಲಿಗೆ ನಡೆದೇ ಹೋಗಬೇಕು; ಅದನ್ನು ಮಾತ್ರ ಬಿಡಬೇಡಿ. ಮೆಟ್ಟಿಲ ದಾರಿಯಲ್ಲಿ ಅಮಾಲ್ಫಿಗೆ ಇಳಿಯಬಹುದು, ಮಂಡಿನೋವಿದ್ದವರಿಗೆ ಬೇಡ.

– ಓದುಗರೊಬ್ಬರು, ಮೈಸೂರು