ಗುಜರಿ ತಂತಿಯ ಒಡವೆಗೆ ಮಳಿಗೆ ಬೇಕು

ಮಾನ್ಯ ಸಂಪಾದಕರೇ,

ಹಾಸನ ಜಿಲ್ಲೆಯ ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿಗಳಲ್ಲಿ ಬಿಚ್ಚಿ ತೆಗೆದ ತಾಮ್ರದ ತಂತಿ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಅದರಲ್ಲಿ ಸುಟ್ಟು ಕರಕಲಾಗದ ಎಳೆಗಳನ್ನು ಆರಿಸಿಕೊಂಡರೆ ಓಲೆ, ಪದಕ, ಬಳೆಗಳನ್ನು ಕೈಯಿಂದಲೇ ಹೆಣೆಯಬಹುದು ಎಂಬುದನ್ನು ಈ ಕೆಲಸದಲ್ಲಿ ತೊಡಗಿರುವ ನಾನು ಓದುಗರ ಗಮನಕ್ಕೆ ತರಬಯಸುತ್ತೇನೆ. ಸುಮಾರು 1 ಮಿ.ಮೀ. ದಪ್ಪದ ತಂತಿಯನ್ನು ಚೌಕಟ್ಟಾಗಿ ಬಗ್ಗಿಸಿ, 0.3 ಮಿ.ಮೀ.ನ ಸಣ್ಣ ಎಳೆಯನ್ನು ಅದರ ಮೇಲೆ ಒತ್ತೊತ್ತಾಗಿ ಸುತ್ತುತ್ತಾ ಹೋದರೆ ಬೆಸುಗೆಯೇ ಬೇಕಾಗುವುದಿಲ್ಲ. ತಾಮ್ರವು ಬಗ್ಗಿಸಿದಷ್ಟೂ ಗಡುಸಾಗುವುದರಿಂದ ಒಂದೇ ಜಾಗದಲ್ಲಿ ಪದೇ ಪದೇ ಮಣಿಸಿದರೆ ತುಂಡಾಗುತ್ತದೆ. ತುದಿಯನ್ನು ಅರದಿಂದ ಉಜ್ಜಿ ಒಳಕ್ಕೆ ಮಡಚದಿದ್ದರೆ ಸೆರಗಿಗೆ ಸಿಕ್ಕಿಕೊಳ್ಳುತ್ತದೆ. ಕಿವಿಯ ತೂತಿನೊಳಗೆ ಹೋಗುವ ಕೊಂಡಿ ಮಾತ್ರ ಬೆಳ್ಳಿಯದೇ ಆಗಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ನನ್ನನ್ನು ನಿಜಕ್ಕೂ ಕಳವಳಕ್ಕೀಡು ಮಾಡುವ ಸಂಗತಿಯೆಂದರೆ, ಮನೆಯ ಹಳೆಯ ವೈರ್‌ಗಳಿಂದ ತಾಮ್ರ ತೆಗೆಯಲು ಅವನ್ನು ಬಯಲಿನಲ್ಲಿ ಸುಡುವ ರೂಢಿ. ಪಿವಿಸಿ ಹೊದಿಕೆ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಅನಿಲವೂ ಡೈಆಕ್ಸಿನ್‌ನಂತಹ ವಿಷವೂ ಹೊರಬರುತ್ತವೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಲಿದರೆ ತಂತಿ ಹೊಳಪು ಕಳೆದುಕೊಳ್ಳದೆ ಸಿಗುತ್ತದೆ, ಹೊಗೆಯೂ ಇಲ್ಲ.

ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಮದನಿಕೆಯರ ಕಲ್ಲಿನ ಒಡವೆಗಳನ್ನು ಬೆರಗಾಗಿ ನೋಡುವ ಪ್ರವಾಸಿಗರಿಗೆ ಅದೇ ವಿನ್ಯಾಸದ ತಂತಿಯ ಓಲೆ ಅಲ್ಲೇ ದೊರೆಯುವಂತೆ ಜಿಲ್ಲಾಡಳಿತವು ಮಹಿಳಾ ಸ್ವಸಹಾಯ ಸಂಘಗಳಿಗೆ ಮಳಿಗೆಯನ್ನೂ, ಅದಕ್ಕೂ ಮೊದಲು ಸುರಕ್ಷಿತವಾಗಿ ತಂತಿ ಸುಲಿಯುವ ತರಬೇತಿಯನ್ನೂ ಒದಗಿಸಬೇಕೆಂದು ಕೋರುತ್ತೇನೆ.

— ಕರಕುಶಲ ಕೆಲಸಗಾರ್ತಿ, ಹಾಸನ