ಪುಟ್ಟನ ಸ್ಕೂಟರಿನ ವಿಷಯವಾಗಿ ಅಣ್ಣನಿಗೆ

ಮೆಲ್ಬರ್ನ್
ಕಾರ್ತಿಕ ಮಾಸ

ತೀರ್ಥರೂಪು ಸಮಾನರಾದ ಅಣ್ಣನವರಿಗೂ ಅತ್ತಿಗೆಯವರಿಗೂ ನಿಮ್ಮ ತಂಗಿ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಎಂದು ಅತ್ತಿಗೆ ತಿಳಿಸಿದ್ದರಿಂದ ಮನಸ್ಸಿಗೆ ಸಮಾಧಾನವಾಯಿತು.

ಆಯುಧಪೂಜೆಯ ದಿನ ನೀವು ಕಳುಹಿಸಿದ ವಿಡಿಯೊವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಹೊಸ ಸ್ಕೂಟರಿಗೆ ಸೇವಂತಿಗೆ ಹಾರ, ಹ್ಯಾಂಡಲಿಗೆ ಮಾವಿನ ಸೊಪ್ಪು, ಚಕ್ರದಡಿ ನಿಂಬೆಹಣ್ಣು, ಅತ್ತಿಗೆ ಆರತಿ ಎತ್ತುವಾಗ ಪುಟ್ಟನ ಮುಖದಲ್ಲಿದ್ದ ಸಂಭ್ರಮ, ಎಲ್ಲವನ್ನೂ ಕಣ್ತುಂಬ ನೋಡಿದೆ. ಆದರೆ ವಿಡಿಯೊದ ಕೊನೆಯಲ್ಲಿ ಅವನು ಇಬ್ಬರು ಗೆಳೆಯರನ್ನು ಹಿಂದೆ ಕೂರಿಸಿಕೊಂಡು, ಗೇಟು ದಾಟಿ, ಬಿ.ಎಚ್. ರಸ್ತೆಯ ಕಡೆಗೆ ತಿರುಗುತ್ತಾನೆ. ಹೆಲ್ಮೆಟ್ಟು ಕನ್ನಡಿಗೆ ನೇತುಬಿದ್ದು ತೂಗಾಡುತ್ತಿರುತ್ತದೆ. ಆ ಹತ್ತು ಸೆಕೆಂಡುಗಳು ನನ್ನ ನಿದ್ದೆ ಕೆಡಿಸಿವೆ. ಫೋನಿನಲ್ಲಿ ಹೇಳಹೊರಟರೆ ಮಾತಿಗೆ ಮಾತು ಬೆಳೆದು ವಿಷಯ ಎಲ್ಲೋ ಹೋಗುತ್ತದೆಂಬ ಅಂಜಿಕೆಯಿಂದ, ಕುಳಿತು ನಿಧಾನವಾಗಿ ಬರೆಯುತ್ತಿದ್ದೇನೆ.

ನಮ್ಮ ಮಗಳಿಗೂ ಪುಟ್ಟನಿಗೂ ಎರಡೇ ತಿಂಗಳ ಅಂತರ. ನಾವಿರುವ ವಿಕ್ಟೋರಿಯ ರಾಜ್ಯದಲ್ಲಿ ಹದಿನಾರು ತುಂಬಿದ ಮಕ್ಕಳಿಗೆ ಕಾರು ಕಲಿಯುವ ಪರವಾನಗಿ ಸಿಗುವುದರಿಂದ ಅವಳೂ ಈ ವರ್ಷ ಸ್ಟೇರಿಂಗ್ ಹಿಡಿದಿದ್ದಾಳೆ. ಕಾರಿನ ಹಿಂದೆ ಮುಂದೆ ಹಳದಿ ಬಣ್ಣದ ‘ಎಲ್’ ಫಲಕ ಹಾಕಿ, ಪೂರ್ಣ ಪರವಾನಗಿ ಇರುವ ದೊಡ್ಡವರೊಬ್ಬರು ಪಕ್ಕದಲ್ಲಿ ಕುಳಿತರೆ ಮಾತ್ರ ಅವಳು ಓಡಿಸಬಹುದು. ಒಂಟಿಯಾಗಿ ಓಡಿಸುವ ಪರೀಕ್ಷೆಗೆ ಹೋಗಲು ಹದಿನೆಂಟು ತುಂಬಬೇಕು. ಅಷ್ಟರೊಳಗೆ 120 ಗಂಟೆ ಓಡಿಸಿರಬೇಕು, ಅದರಲ್ಲಿ 20 ಗಂಟೆ ರಾತ್ರಿಯ ಹೊತ್ತಿನದಾಗಿರಬೇಕು. ಪ್ರತಿ ಸಲವೂ ಹೊರಟ ಸಮಯ, ತಲುಪಿದ ಸಮಯ, ಮೀಟರಿನ ಅಂಕಿ, ಮಳೆಯಿತ್ತೋ ಬಿಸಿಲಿತ್ತೋ, ವಾಹನಗಳ ದಟ್ಟಣೆ ಎಷ್ಟಿತ್ತು ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿದ್ದವರು ಸಹಿ ಹಾಕಬೇಕು. ಮನೆಯಲ್ಲಿ ಕಾರಾಗಲಿ, ಕಲಿಸುವ ದೊಡ್ಡವರಾಗಲಿ ಇಲ್ಲದ ಮಕ್ಕಳ ಜೊತೆ ಸ್ವಯಂಸೇವಕರು ಕುಳಿತು ಗಂಟೆ ತುಂಬಿಸಿಕೊಡುವ ‘ಎಲ್‌ಟುಪಿ’ ಎಂಬ ಏರ್ಪಾಡನ್ನು ಸರ್ಕಾರವೇ ನಡೆಸುತ್ತದೆ.

ಮೊದಮೊದಲು ನನಗೂ ಇದು ಅತಿಯೆನಿಸಿತ್ತು. ನಲವತ್ತು ಗಂಟೆ ಆಗುವಷ್ಟರಲ್ಲಿ ಮಗಳು ಗೇರು, ಬ್ರೇಕು, ರಿವರ್ಸು ಎಲ್ಲವನ್ನೂ ನನಗಿಂತ ನಯವಾಗಿ ಮಾಡುತ್ತಿದ್ದಳು. ಕಳೆದ ತಿಂಗಳು ಒಂದು ಮಧ್ಯಾಹ್ನ, ಶಾಲೆ ಬಿಡುವ ಹೊತ್ತಿಗೆ, ಬಸ್ಸೊಂದು ರಸ್ತೆಯ ಅಂಚಿನಲ್ಲಿ ನಿಂತಿತ್ತು. ಅವಳು ಅದನ್ನು ಬಳಸಿ ಹೋಗಲು ಸಿದ್ಧಳಾದಳು; ವೇಗವೂ ಶಾಲೆಯ ಬಳಿಯ ಮಿತಿಯಾದ 40 ಕಿಲೋಮೀಟರಿನೊಳಗೇ ಇತ್ತು. ಅಷ್ಟರಲ್ಲಿ ಬಸ್ಸಿನ ಮುಂಭಾಗದ ಅಡಿಯಲ್ಲಿ, ನೆಲಕ್ಕೂ ಬಂಪರಿಗೂ ನಡುವಿನ ಸಂದಿಯಲ್ಲಿ, ಎರಡು ಪುಟ್ಟ ಬೂಟುಗಳು ನಡೆದುಬರುತ್ತಿರುವುದು ನನಗೆ ಕಂಡಿತು. ‘ನಿಲ್ಲಿಸು’ ಎಂದೆ. ನಿಲ್ಲಿಸಿದಳು. ಬಸ್ಸಿನ ಮರೆಯಿಂದ ಏಳೆಂಟು ವರ್ಷದ ಹುಡುಗನೊಬ್ಬ ಬ್ಯಾಗು ಕುಣಿಸುತ್ತಾ ನಮ್ಮ ಮುಂದೆಯೇ ರಸ್ತೆ ದಾಟಿ ಓಡಿದ. ಮಗಳ ಕೈ ಬಹಳ ಹೊತ್ತು ನಡುಗುತ್ತಿತ್ತು. ‘ಅಮ್ಮ, ನನಗೆ ಬರೀ ಬಸ್ಸು ಕಂಡಿತು’ ಎಂದಳು.

ಅಣ್ಣ, ಆ ಒಂದು ಮಾತಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ಪುಟ್ಟ ಚೆನ್ನಾಗಿ ಓಡಿಸುತ್ತಾನೆ, ಅವನ ಕೈ ಹದವಾಗಿದೆ ಎಂದು ನೀವು ಹೇಳುವುದು ಸುಳ್ಳಲ್ಲ. ಕೈ ಒಂದು ವಾರದಲ್ಲಿ ಕಲಿಯುತ್ತದೆ. ಆದರೆ ನಿಂತ ಲಾರಿಯ ಹಿಂದೆ ಏನಿರಬಹುದು, ತೆಂಗಿನ ಗರಿ ಹೇರಿಕೊಂಡ ಟ್ರ್ಯಾಕ್ಟರು ಯಾವಾಗ ಬಲಕ್ಕೆ ಹೊರಳಬಹುದು, ಹಸುವಿನ ಹಿಂದೆ ಕರು ಓಡಿಬಂದೀತೇ ಎಂದು ಮುಂಚಿತವಾಗಿ ಊಹಿಸುವುದನ್ನು ಕಣ್ಣು ಕಲಿಯಬೇಕಾದರೆ ಬಹಳ ಕಾಲ ಬೇಕು. ಇಲ್ಲಿ ಅದಕ್ಕೆಂದೇ ಬೇರೆ ಪರೀಕ್ಷೆಯಿದೆ: ಕಂಪ್ಯೂಟರಿನ ಪರದೆಯ ಮೇಲೆ ರಸ್ತೆಯ ದೃಶ್ಯಗಳನ್ನು ತೋರಿಸುತ್ತಾರೆ, ಅಪಾಯವನ್ನು ಗುರುತಿಸಿ ಯಾವಾಗ ನಿಧಾನಿಸಬೇಕು, ಯಾವಾಗ ತಿರುಗಬಹುದು ಎಂದು ಮಕ್ಕಳು ತೋರಿಸಿಕೊಡಬೇಕು.

ಮಕ್ಕಳು ದೊಡ್ಡವರ ಪಕ್ಕದಲ್ಲಿ ಕುಳಿತು ಓಡಿಸುವಾಗ ಅಪಘಾತ ತೀರಾ ಕಡಿಮೆ. ಒಂಟಿಯಾಗಿ ಓಡಿಸತೊಡಗಿದ ಮೊದಲ ಕೆಲವು ತಿಂಗಳುಗಳಲ್ಲೇ ಅಪಾಯ ಅತ್ಯಂತ ಹೆಚ್ಚು. ಇದು ಇಲ್ಲಿಯವರು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡಿರುವ ಸಂಗತಿ. ಆದ್ದರಿಂದ ಪರೀಕ್ಷೆ ಪಾಸಾದ ಮೇಲೂ ಹಗ್ಗವನ್ನು ಒಮ್ಮೆಗೇ ಬಿಡುವುದಿಲ್ಲ. ಒಂದು ವರ್ಷ ಕೆಂಪು ‘ಪಿ’ ಫಲಕ, ಆನಂತರ ಮೂರು ವರ್ಷ ಹಸಿರು ‘ಪಿ’ ಫಲಕ. ಆ ನಾಲ್ಕೂ ವರ್ಷ ಒಂದು ತೊಟ್ಟು ಮದ್ಯವೂ ರಕ್ತದಲ್ಲಿ ಇರಕೂಡದು, ಫೋನನ್ನು ಕೈಗೆ ತೆಗೆದುಕೊಳ್ಳದೆ ಸ್ಪೀಕರಿನಲ್ಲಿ ಮಾತನಾಡುವುದಕ್ಕೂ ಅವಕಾಶವಿಲ್ಲ. ಕೆಂಪು ಫಲಕವಿರುವ ವರ್ಷ, ಒಡಹುಟ್ಟಿದವರನ್ನು ಬಿಟ್ಟು, ಹದಿನಾರರಿಂದ ಇಪ್ಪತ್ತೊಂದು ವರ್ಷದವರೆಗಿನ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಕೂರಿಸಿಕೊಳ್ಳುವಂತಿಲ್ಲ. ಗೆಳೆಯರು ತುಂಬಿಕೊಂಡ ವಾಹನದಲ್ಲಿ ಹದಿಹರೆಯದವರ ಗಮನ ರಸ್ತೆಯ ಮೇಲೆ ನಿಲ್ಲುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಮೂವರು ಕುಳಿತ ಆ ಸ್ಕೂಟರು ನನಗೆ ಯಾಕೆ ಅಷ್ಟು ಕಾಡಿತು ಎಂದು ಈಗ ನಿಮಗೆ ಅರ್ಥವಾದೀತು.

ಫೋನಿನ ವಿಷಯ ಬಂದದ್ದರಿಂದ ಪುಟ್ಟನಿಗೊಂದು ಲೆಕ್ಕ. ಅವನು ಗಣಿತ ತೆಗೆದುಕೊಂಡಿದ್ದಾನಲ್ಲ, ಅವನೇ ಮಾಡಿ ನೋಡಲಿ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸ್ಕೂಟರು ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಸಾಗುತ್ತದೆ. ಬಂದ ಮೆಸೇಜನ್ನು ಎರಡೇ ಸೆಕೆಂಡು ನೋಡಿದರೂ ಮೂವತ್ತಮೂರು ಮೀಟರು ಕಣ್ಣು ಕಟ್ಟಿಕೊಂಡು ಹೋದಂತಾಯಿತು. ನಮ್ಮ ಗೇಟಿನಿಂದ ಅರಳೀಕಟ್ಟೆಗೆ ಅಷ್ಟೇ ದೂರವಿರಬಹುದು.

ಇನ್ನು ನಮ್ಮ ದೇಶದ ಕಾನೂನು. ಹದಿನಾರು ತುಂಬಿದವರಿಗೆ 50 ಸಿಸಿ ಮೀರದ ಗೇರಿಲ್ಲದ ಗಾಡಿಗೆ ಮಾತ್ರ ಲೈಸೆನ್ಸ್ ಸಿಗುತ್ತದೆ. ನಮ್ಮ ಮನೆಗಳಲ್ಲಿರುವ 110, 125 ಸಿಸಿ ಸ್ಕೂಟರುಗಳಿಗೆ ಹದಿನೆಂಟು ತುಂಬಲೇಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 199ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಕ ತಪ್ಪು ಮಾಡಿದರೆ ಪೋಷಕರು ಇಲ್ಲವೇ ವಾಹನದ ಮಾಲೀಕರು ಹೊಣೆ: ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಒಂದು ವರ್ಷ ಗಾಡಿಯ ನೋಂದಣಿ ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಸ್ಕೂಟರು ಅತ್ತಿಗೆಯ ಹೆಸರಿನಲ್ಲಿದೆ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ. ಆದರೆ ದಂಡದ ಹೆದರಿಕೆಯಿಂದ ನಾನು ಬರೆಯುತ್ತಿಲ್ಲ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಪ್ರತಿ ಹತ್ತು ಮಂದಿಗೆ ನಾಲ್ಕಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು.

‘ನಾನು ಹದಿನೈದಕ್ಕೇ ಅಪ್ಪಾಜಿಯ ಸ್ಕೂಟರು ಓಡಿಸಿರಲಿಲ್ಲವೇ’ ಎಂದು ನೀವು ಕೇಳುತ್ತೀರಿ. ಓಡಿಸಿದ್ದೀರಿ, ಹಿಂದೆ ನಾನೇ ಕುಳಿತಿದ್ದೆ. ಆಗ ಕೆರೆ ಏರಿಯ ಮೇಲೆ ಎದುರಿಗೆ ಬರುತ್ತಿದ್ದುದು ಎತ್ತಿನಗಾಡಿ, ದಿನಕ್ಕೆರಡು ಬಸ್ಸು. ಈಗ ಅದೇ ದಾರಿಯಲ್ಲಿ ರಾತ್ರಿಹಗಲು ಲಾರಿ ಓಡುತ್ತವೆ. ಅಂದು ಏರಿಯ ಇಳಿಜಾರಿನಲ್ಲಿ ಜಾರಿ ಬಿದ್ದು, ‘ಅಪ್ಪಾಜಿಗೆ ಹೇಳಬೇಡ’ ಎಂದು ನೀವು ನನ್ನ ಲಂಗದ ಮಣ್ಣು ಕೊಡವಿದ್ದನ್ನು ನಾನು ಮರೆತಿಲ್ಲ. ಹಿಂದಿನಿಂದ ಲಾರಿಯೊಂದು ಬಂದಿದ್ದರೆ ಇಂದು ಈ ಪತ್ರ ಬರೆಯುವವರೂ ಇರುತ್ತಿರಲಿಲ್ಲ, ಓದುವವರೂ ಇರುತ್ತಿರಲಿಲ್ಲ.

ಬೆಳಗಿನ ಆರು ಗಂಟೆಯ ಟ್ಯೂಷನ್ನಿಗೆ ಬಸ್ಸಿಲ್ಲ ಎಂಬ ನಿಮ್ಮ ಕಷ್ಟ ನನಗೆ ಗೊತ್ತು. ತೋಟಕ್ಕೆ ಹೋಗುವ ಮುಂಚೆ ನೀವೇ ಅವನನ್ನು ಬಿಟ್ಟುಬರಲು ಸಾಧ್ಯವೇ ನೋಡಿ. ಬರುವಾಗ ಎಂಟೂವರೆಯ ಬಸ್ಸಿದೆ. ಕೀಲಿಕೈಯನ್ನು ಅತ್ತಿಗೆಯ ಬೀರುವಿನಲ್ಲಿ ಇಡಿ. ಅದನ್ನು ಕಿತ್ತುಕೊಂಡಂತೆ ಮಾಡದೆ, ಅವನನ್ನು ಕೂರಿಸಿಕೊಂಡು ಕಾರಣ ಹೇಳಿ. ದಿನವೂ ನಿಮ್ಮ ಹಿಂದೆ ಕುಳಿತು ಹೋಗುವಾಗ ‘ಮುಂದೆ ಏನು ಬರಬಹುದು’ ಎಂದು ಅವನನ್ನು ಕೇಳುತ್ತಾ ಹೋಗಿ. ಮಗಳಿಗೆ ಕೊಟ್ಟ ಪುಸ್ತಕದ ಹಾಗೆಯೇ ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದು ಕಳುಹಿಸುತ್ತಿದ್ದೇನೆ. ಹದಿನೆಂಟು ತುಂಬಿ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿದ ದಿನದಿಂದ ಅದರಲ್ಲಿ ಬರೆಯಲು ಶುರು ಮಾಡಲಿ. ನಮ್ಮಲ್ಲಿ ಎಲ್‌ಎಲ್ ಆದ 30 ದಿನಕ್ಕೇ ಪರೀಕ್ಷೆಗೆ ಹೋಗಬಹುದು. ನೀವು ಮಾತ್ರ ಆತುರಪಡಬೇಡಿ.

ಹಿಂದೆ ಕೂರುವವರಿಗೂ ಹೆಲ್ಮೆಟ್ಟು ಕಡ್ಡಾಯವಾದ್ದರಿಂದ ನಿಮ್ಮಿಬ್ಬರಿಗೂ ಐಎಸ್‌ಐ ಗುರುತಿನ, ಕಿವಿ ಮುಚ್ಚುವ ಪೂರ್ತಿ ಹೆಲ್ಮೆಟ್ಟು ಕೊಡಿಸುವುದು ಈ ದೀಪಾವಳಿಯ ನನ್ನ ಉಡುಗೊರೆ. ಸಡಿಲವಾದದ್ದು ಬಿದ್ದಾಗ ಕಳಚಿಹೋಗುತ್ತದೆ. ಆದ್ದರಿಂದ ಅತ್ತಿಗೆಯ ಹೊಲಿಗೆಯ ಟೇಪಿನಿಂದ ಹುಬ್ಬಿನ ಸ್ವಲ್ಪ ಮೇಲೆ ತಲೆಯ ಸುತ್ತಳತೆ ತೆಗೆದು, ಭಾನುವಾರ ಪುಟ್ಟನ ಕೈಯಿಂದಲೇ ನನಗೆ ಫೋನು ಮಾಡಿಸಿ. ಅಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಇಂತಿ ನಿಮ್ಮ ಪ್ರೀತಿಯ
ತಂಗಿ