ಅಪಘಾತ ಪರಿಹಾರದ ರಾಜಿಯಲ್ಲಿ ಯಾರ ಪಾಲು ಎಷ್ಟೆಂದು ದಾಖಲಾಗಲಿ

ಮಾನ್ಯ ಸಂಪಾದಕರೇ,

ಲೋಕ ಅದಾಲತ್ ನಡೆದ ಮರುದಿನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಅಪಘಾತದಲ್ಲಿ ಮಡಿದವರ ಕುಟುಂಬಕ್ಕೆ ಇಷ್ಟು ಲಕ್ಷ ಪರಿಹಾರ ಸಿಕ್ಕಿತೆಂಬ ಸುದ್ದಿ ಇರುತ್ತದೆ. ಅದರಲ್ಲಿ ಹೆಂಡತಿಗೆ ಎಷ್ಟು, ಮಕ್ಕಳಿಗೆ ಎಷ್ಟು, ಹೆತ್ತ ತಾಯಿಗೆ ಎಷ್ಟು ಎಂಬ ವಿವರ ಮಾತ್ರ ಇರುವುದಿಲ್ಲ. ಮೋಟಾರು ಅಪಘಾತ ಪರಿಹಾರದ ಕಡತಗಳ ನಡುವೆಯೇ ನೌಕರಿ ಮುಗಿಸಿದ ನನಗೆ ತಿಳಿದಂತೆ, ರಾಜಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಮುದುಕಿಗೂ ಎಷ್ಟೋ ಸಲ ಅದು ಗೊತ್ತಿರುವುದಿಲ್ಲ.

ಕಾನೂನು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. 1988ರ ಮೋಟಾರು ವಾಹನಗಳ ಕಾಯ್ದೆಯ 166ನೇ ಕಲಮಿನ ಪ್ರಕಾರ ಮೃತರ ಕಾನೂನುಬದ್ಧ ವಾರಸುದಾರರಲ್ಲಿ ಯಾರೇ ಅರ್ಜಿ ಹಾಕಿದರೂ ಅದು ಎಲ್ಲ ವಾರಸುದಾರರ ಪರವಾಗಿಯೇ ಇರಬೇಕು. ಜೊತೆಗೆ ಸೇರದವರನ್ನು ಎದುರುದಾರರನ್ನಾಗಿಯಾದರೂ ಮಾಡಲೇಬೇಕು. ಪರಿಹಾರದ ಮೊತ್ತವನ್ನಷ್ಟೇ ಅಲ್ಲ, ಅದು ಯಾರು ಯಾರಿಗೆ ಸಲ್ಲಬೇಕೆಂಬುದನ್ನೂ ನ್ಯಾಯಮಂಡಳಿ ಹೆಸರಿಸಬೇಕೆಂದು 168ನೇ ಕಲಮು ಹೇಳುತ್ತದೆ. ವಾರಸುದಾರರು ಯಾರೆಂಬುದನ್ನು ಸುಪ್ರೀಂ ಕೋರ್ಟ್ ಉದಾರವಾಗಿಯೇ ನೋಡಿದೆ: 1987ರಲ್ಲಿ ಮೃತನ ಸಹೋದರನಿಗೂ, 2021ರಲ್ಲಿ ಅಳಿಯನ ಆಶ್ರಯದಲ್ಲಿದ್ದ ಅತ್ತೆಗೂ ಅರ್ಜಿ ಹಾಕುವ ಹಕ್ಕಿದೆಯೆಂದು ತೀರ್ಪಿತ್ತಿತು. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಅರ್ಜಿದಾರರಾಗಬಹುದು, ಆದರೆ ಎಷ್ಟು ಸಿಗುತ್ತದೆಂಬುದು ಅವರು ಮೃತರನ್ನು ಅವಲಂಬಿಸಿದ್ದರೇ ಎಂಬುದರ ಮೇಲಿದೆ. (ನಾಡಕಚೇರಿಯ ವಂಶವೃಕ್ಷದಲ್ಲಿ ಇವರ ಹೆಸರೇ ಬಿಟ್ಟುಹೋಗುವುದು ಬೇರೆಯದೇ ಕಥೆ.)

ಹೀಗಿದ್ದೂ ಕೆಲವು ವಾರಸುದಾರರು ಅರ್ಜಿಯಿಂದಲೇ ಹೊರಗುಳಿಯುತ್ತಾರೆ. ಹಾಗೆಂದು ಸೊಸೆಯೇ ಅತ್ತೆಯನ್ನು ಹೊರಗಿಡುತ್ತಾಳೆಂದು ನಾನು ಹೇಳುತ್ತಿಲ್ಲ. ವಿಧವೆಯನ್ನು ತಿಥಿ ಮುಗಿಯುತ್ತಲೇ ತವರಿಗೆ ಕಳಿಸಿ ಮೈದುನನೇ ಮುಂದೆ ನಿಂತು ಕೇಸು ನಡೆಸಿದ ಕಡತಗಳೂ ಇವೆ. ಯಾರನ್ನು ಯಾರು ಬಿಟ್ಟರೂ ಅದರ ಹಿಂದೆ, ಪಾಲುದಾರರು ಹೆಚ್ಚಿದಷ್ಟೂ ತಮ್ಮ ಕೈಗೆ ಬರುವುದು ಕಡಿಮೆಯಾಗುತ್ತದೆಂಬ ಲೆಕ್ಕವಿರುತ್ತದೆ. ಈ ಲೆಕ್ಕ ಪೂರ್ತಿ ಸರಿಯಲ್ಲ. ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದ, 30 ವರ್ಷದ ಗಾರೆ ಕೆಲಸದವರೊಬ್ಬರು ಹೆಂಡತಿ, ಇಬ್ಬರು ಮಕ್ಕಳು ಹಾಗೂ ತಾಯಿಯನ್ನು ಬಿಟ್ಟು ತೀರಿಕೊಂಡರೆನ್ನಿ. 2017ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಭವಿಷ್ಯದ ಆದಾಯಕ್ಕೆಂದು ಶೇ 40 ಸೇರಿಸಿದರೆ 21,000 ಆಗುತ್ತದೆ. ಮೃತರ ಸ್ವಂತ ಖರ್ಚಿಗೆಂದು, 2009ರ ತೀರ್ಪಿನ ಪ್ರಕಾರ, ಅವಲಂಬಿತರು ಮೂವರಾದರೆ ಮೂರನೆಯ ಒಂದು ಭಾಗವನ್ನೂ ನಾಲ್ವರಾದರೆ ನಾಲ್ಕನೆಯ ಒಂದು ಭಾಗವನ್ನೂ ಕಳೆಯುತ್ತಾರೆ. ಉಳಿದದ್ದರ ವರ್ಷದ ಮೊತ್ತವನ್ನು ಗುಣಿಸುವ ಸಂಖ್ಯೆ, ಅಂದರೆ ಗುಣಕ, ಆ ವಯಸ್ಸಿಗೆ 17. ತಾಯಿಯನ್ನು ಸೇರಿಸಿದರೆ ಅವಲಂಬನೆಯ ನಷ್ಟ (ಮೃತರ ದುಡಿಮೆಯಿಂದ ಮನೆಯವರಿಗೆ ಸಿಗಬೇಕಿದ್ದ ಹಣ) 32,13,000 ರೂಪಾಯಿ. ಬಿಟ್ಟರೆ 28,56,000 ರೂಪಾಯಿ. ಆ ಒಂದು ಹೆಸರಿನಿಂದಲೇ 3,57,000 ರೂಪಾಯಿ ಹೆಚ್ಚು ಬರುತ್ತದೆ. ಮಗನ ಅಗಲಿಕೆಗೆ ತಾಯಿಗೆ ಸಲ್ಲುವ ಪರಿಹಾರ ಇದರ ಮೇಲೆ ಬೇರೆ. ತಾಯಿಯನ್ನು ಬಿಟ್ಟಾಗ ಈ ಹಣ ವಿಮಾ ಕಂಪನಿಯಲ್ಲೇ ಉಳಿಯುತ್ತದೆ, ಮನೆಯವರಿಗೆ ಬರುವುದಿಲ್ಲ.

ತೀರ್ಪಿನಿಂದ ಮುಗಿದ ಕೇಸಿನಲ್ಲಿ ಪಾಲಿನ ಬಗ್ಗೆ ತಕರಾರಿದ್ದರೆ ಮೇಲ್ಮನವಿಗೆ ಹೋಗಬಹುದು. ಲೋಕ ಅದಾಲತ್‌ನ ರಾಜಿಗೆ, ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಮಿನಂತೆ, ಮೇಲ್ಮನವಿಯೇ ಇಲ್ಲ. ತೀರ ಸೀಮಿತ ಕಾರಣಗಳಿಗಾಗಿ ಹೈಕೋರ್ಟಿನಲ್ಲಿ ರಿಟ್ ಹಾಕುವ ದಾರಿಯೊಂದಿದೆ, ಆದರೆ ಹಳ್ಳಿಯ ವಿಧವೆ ಅಷ್ಟು ದೂರ ಹೋಗುವುದು ಸುಲಭವಲ್ಲ. ಹೀಗಿದ್ದೂ ಅದಾಲತ್ ದಿನದ ಗಡಿಬಿಡಿಯಲ್ಲಿ ಕಾರಿಡಾರಿನ ಬೆಂಚಿನ ಮೇಲೆ ಜಂಟಿ ಮೆಮೊ, ಅಂದರೆ ಎರಡೂ ಕಡೆಯವರ ರಾಜಿ ಪತ್ರ, ಸಿದ್ಧವಾಗುತ್ತದೆ, ಒಟ್ಟು ಮೊತ್ತಕ್ಕೆ ಎರಡೂ ಕಡೆ ಒಪ್ಪಿಗೆಯಾಗುತ್ತದೆ, ಹಂಚಿಕೆಯ ಮಾತು ಕೊನೆಯ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ.

ಆದ್ದರಿಂದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಗಳಲ್ಲಿ ನನ್ನ ಕೋರಿಕೆ ಇಷ್ಟೆ. ಮರಣದ ಪ್ರಕರಣಗಳ ಜಂಟಿ ಮೆಮೊದಲ್ಲಿ ಪ್ರತಿಯೊಬ್ಬ ವಾರಸುದಾರರ ಹೆಸರು, ಪಾಲು, ಬ್ಯಾಂಕ್ ಖಾತೆ ಸಂಖ್ಯೆ ಇರುವ ಕೋಷ್ಟಕ ಕಡ್ಡಾಯವಾಗಬೇಕು. ಸಂಧಾನಕಾರರು ವಯಸ್ಸಾದ ತಾಯಿಯನ್ನೂ ವಿಧವೆಯನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಅವರ ಪಾಲನ್ನು ಬಾಯಿಬಿಟ್ಟು ಹೇಳಿ, ಒಪ್ಪಿಗೆಯೇ ಎಂದು ಕೇಳಬೇಕು. ಅಪ್ರಾಪ್ತ ಮಕ್ಕಳ ಪರವಾಗಿ ರಾಜಿಯಾಗುವಾಗ ನ್ಯಾಯಾಲಯದ ಅನುಮತಿ ಬೇಕೆಂಬ ನಿಯಮವನ್ನು ಬರಿಯ ರಬ್ಬರ್ ಸ್ಟಾಂಪಿಗೆ ಇಳಿಸಬಾರದು. ಮಕ್ಕಳ ಪಾಲನ್ನು ವಯಸ್ಸಿಗೆ ಬರುವವರೆಗೆ ಠೇವಣಿ ಇಡಬೇಕೆಂದು ಸುಪ್ರೀಂ ಕೋರ್ಟ್ 1990ರ ದಶಕದಲ್ಲೇ ಮಾರ್ಗಸೂಚಿ ಕೊಟ್ಟಿದ್ದರೂ, ಮನೆ ರಿಪೇರಿ, ಸಾಲ ಎಂಬ ಕಾರಣಗಳಿಗೆ ಅದನ್ನು ಅವಧಿಗೆ ಮುಂಚೆ ಬಿಡಿಸಿಕೊಳ್ಳುವ ಅರ್ಜಿಗಳು ಬರುತ್ತಲೇ ಇರುತ್ತವೆ. ಅವನ್ನು ಮಗುವಿನ ಹಿತದಿಂದಲೇ ನೋಡಬೇಕು.

ತಮ್ಮ ವರದಿಗಾರರು ಮುಂದಿನ ಅದಾಲತ್‌ನ ಸುದ್ದಿ ಬರೆಯುವಾಗ ಹೆಸರುಗಳನ್ನು ಬಿಟ್ಟು ಹಂಚಿಕೆಯನ್ನೂ ಕೇಳಿ ಬರೆದರೆ ಉಪಕಾರವಾಗುತ್ತದೆ. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ, ಅದಕ್ಕೆ 15100 ಸಂಖ್ಯೆಗೆ ಕರೆ ಮಾಡಬಹುದು ಎಂಬ ಸಾಲನ್ನೂ ಆ ಸುದ್ದಿಯ ಕೆಳಗೆ ಸೇರಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನ್ಯಾಯಾಲಯ ನೌಕರ, ದಾವಣಗೆರೆ